ಎಡಭುಜ

ದುರ್ಗಿಗುಡಿಯ ಮೂರನೇ ತಿರುವಿನಲ್ಲಿ
ಟೈಲರ್ ಅಂಗಡಿಯ ಬೆನ್ನಿಗೆ ಬೆನ್ನು ಕೊಟ್ಟು
ಹಾಲೇಶಪ್ಪನ ಬಾಡಿಗೆ ಪುಸ್ತಕದಂಗಡಿ.
ದಿನಕ್ಕೆ ನಾಲ್ಕಾಣೆ. ಹರಿದರೆ, ಗೀಚಿದರೆ ಎಂಟಾಣೆ.
ಹಾಳೆ ಮಡಿಚಿದರೆ ಬೈಗುಳ, ಅದಕ್ಕೆ ದುಡ್ಡಿಲ್ಲ.

ಗುರುವಾರ ಬೆಳಿಗ್ಗೆ ಬಸ್ಸಿನ ಟಾಪಿನಿಂದ
ಸೆಣಬಿನ ಹಗ್ಗ ಬಿಗಿದ ಕಟ್ಟು ಬೀಳುವುದು,
ಅದರೊಳಗೆ ಕೆಂಬೂತ.
ನವಿಲನ್ನು ನೋಡಿ ಪುಕ್ಕ ಕೆದರಿದವನೆಂದು
ವೈರಿಗಳು ಆಡಿಕೊಂಡ ಹೆಸರನ್ನೇ
ಎದೆಯ ಮೇಲೆ ಬರೆಸಿಕೊಂಡು ಹಾರುವವನು.
ಅಚ್ಚಿನ ಕೆಂಪು ಎಂದೂ ಗೆರೆಯೊಳಗೆ ಕೂತದ್ದಿಲ್ಲ;
ಅವನ ಮೇಲಂಗಿ ಅವನಿಗಿಂತ
ಅರ್ಧ ಬೆರಳು ಮುಂದೆಯೇ ಹಾರುತ್ತಿತ್ತು.

ನಾನು ಸೇರಿದಾಗ ಕಥೆ ಇನ್ನೂರು ವಾರ ದಾಟಿತ್ತು.
ಹಳೆಯವುಗಳ ಬೈಂಡು ಒಯ್ದು
ಸೈಕಲ್ ಶಾಪಿನ ಪಂಕ್ಚರ್ ತೊಟ್ಟಿಯ ಪಕ್ಕ
ಒದ್ದೆ ಬೆರಳು ಚಡ್ಡಿಗೊರೆಸಿ ಓದುತ್ತಿದ್ದೆ.
ಸಂಚಿಕೆ ನೂರಾ ನಲವತ್ತು: ಗಾಜುಗಣ್ಣ ಅವನನ್ನು
ನೀರಿನ ಟ್ಯಾಂಕಿನಿಂದ ಕೆಡವಿದ. ಎಡಭುಜ ಮುರಿಯಿತು.
ನೂರಾ ನಲವತ್ತೊಂದು: ಅದೇ ಕೈ ಚಾಚಿ ಹಾರುತ್ತಿದ್ದಾನೆ.
ಚೌಕದ ಅಂಚಿಗೆ ಪೆನ್ಸಿಲಿನ ಸಣ್ಣಕ್ಷರ:
"ಆರು ವಾರ ಬೇಕು ಕಣಪ್ಪ. ಕಡೇಪಕ್ಷ."

ಅಲ್ಲಿಂದ ನಾನು ಓದಿದ್ದು ಎರಡು ಕಥೆ.

ನಲವತ್ತೇಳರಲ್ಲಿ ಅಂಗಿ ತೊಡುವಾಗ ಅವನು ಮುಖ ಹಿಂಡಿದ.
"ಹಾಂ! ಈಗ ಸರಿ," ಎಂದಿತು ಪೆನ್ಸಿಲು.
ಐವತ್ತೆರಡರಲ್ಲಿ ಮೂಲೆಯಲ್ಲಿ ಕೊಡೆ ಹಿಡಿದು ನಿಂತ,
ಮಾತೇ ಇಲ್ಲದ ಒಬ್ಬ ಪೇದೆ.
"ಇವನ ಮೇಲೆ ಕಣ್ಣಿರಲಿ."
ಹತ್ತೊಂಬತ್ತು ವಾರ ಕಣ್ಣಿಟ್ಟೆ.
ಕೊನೆಗೆ ಲಾಕಪ್ಪಿನ ಬೀಗ ತೆಗೆದವನು ಅವನೇ.
ಮುಳುಗುವ ದೋಣಿಯಿಂದ ಗಾಜುಗಣ್ಣ
ಹುಡುಗನೊಬ್ಬನನ್ನು ಎತ್ತಿ ದಡಕ್ಕೆಸೆದಾಗ
ಊರ ಹುಡುಗರೆಲ್ಲ ಮೋಸ ಮೋಸ ಎಂದರು,
ಖಳ ಹೀಗೆ ಒಂದೇ ಸಲಕ್ಕೆ ಬದಲಾಗುತ್ತಾನೆಯೇ?
ನಾನು ಸುಮ್ಮನಿದ್ದೆ. ಐವತ್ತೆಂಟು ವಾರ ಹಿಂದೆಯೇ
ಅಂಚಿನಲ್ಲಿ ಬರೆದಿತ್ತು: "ಕೈ ನಡುಗಿತು, ನೋಡಿದಿರಾ?"

ರಿಜಿಸ್ಟರಿನಲ್ಲಿ ನಂಬರ್ ಐವತ್ತೆಂಟು.
ಸಿಸ್ಟರ್ ಸೆಲೆಸ್ಟೀನಾ, ಮೆಗ್ಗಾನ್ ಆಸ್ಪತ್ರೆ,
ಮೂಳೆ ವಾರ್ಡು, ರಾತ್ರಿ ಪಾಳಿ.
ಹೇಗಿದ್ದಾರೆ ನೋಡೋಕೆ? ಎಂದೆ.
ನಿದ್ದೆಗೆಟ್ಟವರು ಹೇಗಿರ್ತಾರೋ ಹಾಗೆ, ಎಂದ ಹಾಲೇಶಪ್ಪ.
ಅಂಗಡಿಗೆ ಬರುವುದು ಒಂದೇ ಪ್ರತಿ.
ಗುರುವಾರ ಅವರಿಗೆ, ಶುಕ್ರವಾರ ನನಗೆ.
ನಾವು ಒಮ್ಮೆಯೂ ಎದುರಾಗಲಿಲ್ಲ.

ಇನ್ನೂರಾ ಅರವತ್ಮೂರರಲ್ಲಿ
ಕೆಂಬೂತ ಸುರಂಗದೊಳಗೆ ಸಿಕ್ಕಿಬಿದ್ದಿದ್ದಾನೆ,
ಪೇದೆಗೆ ಗುಂಡು ತಗುಲಿದೆ,
ಅಂಚಿನಲ್ಲಿ ಮಾತ್ರ ಇದು:
"ಬೆಡ್ ಹನ್ನೊಂದು. ಬೆಳಿಗ್ಗೆ ಎಕ್ಸ್‌ರೇ."
ಮುಂದಿನ ವಾರ ಅಂಚು ಬಿಳಿ.
ಅದರ ಮುಂದಿನ ವಾರವೂ.

ವರ್ಗ ಆಯ್ತೇನೋ. ಕೊಪ್ಪಕ್ಕೋ, ತೀರ್ಥಹಳ್ಳಿಗೋ.
ಹತ್ತು ರೂಪಾಯಿ ಠೇವಣಿ ಹಾಗೇ ಇದೆ ನೋಡು.

ಕೈ ಉಳುಕಿದೆ ಎಂದು ಸುಳ್ಳು ಹೇಳಿ
ಒಂದು ದಿನ ಮೂಳೆ ವಾರ್ಡಿಗೆ ಹೋದೆ.
ಬೆಡ್ ಹನ್ನೊಂದರಲ್ಲಿ ಯಾರೋ ಅಜ್ಜ
ಬ್ರೆಡ್ಡನ್ನು ಹಾಲಿಗದ್ದಿ ತಿನ್ನುತ್ತಿದ್ದ.
ಏನೋ ಮರಿ, ಎಂದ.
ಎಕ್ಸ್‌ರೇ ಏನಾಯಿತೆಂದು ಕೇಳುವುದು ಹೇಗೆ?
ಏನಿಲ್ಲ, ಎಂದು ಬಂದುಬಿಟ್ಟೆ.

ಮುನ್ನೂರನೇ ಸಂಚಿಕೆಗೆ ಹೊಸ ಚಿತ್ರಕಾರ ಬಂದ.
ಈಗ ಕೆಂಪು ಗೆರೆಯೊಳಗೇ ಕೂರುತ್ತದೆ. ಚೆಂದವಾಗಿದೆ.
ಪೇದೆಯ ಹೆಸರು ಯಾರೂ ಎತ್ತುವುದಿಲ್ಲ.
ಕೆಂಬೂತ ಲಾರಿಯೊಂದನ್ನು ನೆತ್ತಿಗೆತ್ತಿ ನಗುತ್ತಿದ್ದಾನೆ,
ಎಡಗೈಯಲ್ಲಿ.

ಟ್ಯೂಬಿನ ತೂತಿಗೆ ಗುರುತು ಹಾಕುವ ಪೆನ್ಸಿಲು,
ನಾಲಿಗೆಗೆ ತಾಗಿಸಿದರೆ ನೇರಳೆ.
ತಾಗಿಸಿ, ಚೌಕದ ಅಂಚಿಗೆ ಬರೆದೆ:
"ಎಡಭುಜ. ಹುಷಾರು."

ಹಾಲೇಶಪ್ಪ ಎಂಟಾಣೆ ಹಿಡಿದುಕೊಂಡ.
ಅವರಿಗೂ ಹಿಡೀತಿದ್ರಾ? ಎಂದೆ.
ಪ್ರತಿ ಗುರುವಾರ, ಎಂದ,
ಚಿಲ್ಲರೆ ಎಣಿಸುತ್ತ.